ಆಪೋ ದ್ವೀಪದ ಡೈವಿಂಗ್ ತಾಣಗಳು: ಬಲೆ ಹಾಕದೆ ಬಿಟ್ಟ ಕಡಲು

ಫಿಲಿಪೀನ್ಸ್ ದೇಶದ ನೀಗ್ರೋಸ್ ಎಂಬ ದೊಡ್ಡ ದ್ವೀಪದ ಆಗ್ನೇಯ ತುದಿಯಿಂದ ಸುಮಾರು 7 ಕಿ.ಮೀ. ದೂರದಲ್ಲಿ ಆಪೋ ಎಂಬ ಪುಟ್ಟ ದ್ವೀಪವಿದೆ. ವಿಸ್ತೀರ್ಣ 70 ಹೆಕ್ಟೇರಿಗಿಂತ ತುಸು ಹೆಚ್ಚು. ಹಿಂದೊಮ್ಮೆ ಜ್ವಾಲಾಮುಖಿಯಿಂದ ಎದ್ದ ನೆಲವಾದ್ದರಿಂದ ಎರಡು ಗುಡ್ಡ, ನಡುವೆ ತಗ್ಗಿನಲ್ಲಿ ಊರು, ಒಂದಿಷ್ಟು ತೆಂಗು, ಸುತ್ತಲೂ ಹವಳದ ದಿಬ್ಬ. ಇಷ್ಟೇ ಆಪೋ. ಸಾವಿರದ ಆಸುಪಾಸಿನ ಜನವಸತಿಯ ಈ ಊರಿನಲ್ಲಿ ತಲೆತಲಾಂತರದಿಂದ ನಡೆದುಬಂದ ಕಸುಬು ಮೀನುಗಾರಿಕೆ. ಆದರೂ ಜಗತ್ತಿನ ನಾನಾ ಭಾಗಗಳಿಂದ ಸ್ಕೂಬಾ ಡೈವಿಂಗ್ ಮಾಡುವವರು ಈ ಪುಟ್ಟ ದ್ವೀಪವನ್ನು ಹುಡುಕಿಕೊಂಡು ಬರುತ್ತಾರೆ.

ಹಡಗುಗಳಲ್ಲಿಯೂ ಕೊಲ್ಲಿ ರಾಷ್ಟ್ರಗಳಲ್ಲಿಯೂ ದುಡಿಯುವ ನಮ್ಮ ಕರಾವಳಿಯವರಿಗೆ ಫಿಲಿಪೀನ್ಸಿನವರು ಅಪರಿಚಿತರೇನಲ್ಲ. ದುಬೈ, ಕುವೈತ್‌ಗಳ ಚರ್ಚುಗಳಲ್ಲಿ ನಮ್ಮವರೂ ಅವರೂ ಒಂದೇ ಬೆಂಚಿನಲ್ಲಿ ಕುಳಿತು ಪೂಜೆಯಲ್ಲಿ ಭಾಗವಹಿಸುತ್ತಾರೆ. ಆದರೆ ಅವರ ದೇಶದ ಮೀನುಗಾರರು ತಮ್ಮ ಕಡಲಿನ ವಿಷಯದಲ್ಲಿ ಕೈಗೊಂಡ ಒಂದು ನಿರ್ಧಾರ ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ. ಆಪೋದ ಡೈವಿಂಗ್ ತಾಣಗಳ ಬಗ್ಗೆ ಬರೆಯಬೇಕೆಂದರೆ ಆ ನಿರ್ಧಾರದ ಬಗ್ಗೆಯೂ ಬರೆಯಲೇಬೇಕು. ಏಕೆಂದರೆ ಇವು ತಾವಾಗಿಯೇ ಉಳಿದು ಬಂದ ತಾಣಗಳಲ್ಲ.

ಮೊದಲೇ ಒಂದು ಸ್ಪಷ್ಟನೆ. ಫಿಲಿಪೀನ್ಸಿನಲ್ಲಿ ಆಪೋ ಹೆಸರಿನ ಮೂರು ಪ್ರಸಿದ್ಧ ಸ್ಥಳಗಳಿವೆ. ಮಿಂಡನಾವೊದಲ್ಲಿರುವ ಆಪೋ ಪರ್ವತ ಒಂದು, ಮಿಂಡೊರೊ ದ್ವೀಪದ ಪಶ್ಚಿಮಕ್ಕಿರುವ ಆಪೋ ರೀಫ್ ಎಂಬ ವಿಶಾಲ ಹವಳದ ದಿಬ್ಬ ಇನ್ನೊಂದು. ಅದು ಕೂಡ ಡೈವಿಂಗಿಗೆ ಹೆಸರುವಾಸಿ. ಹೀಗಾಗಿ ಅಂತರ್ಜಾಲದಲ್ಲಿ ಹುಡುಕುವವರು ಎರಡನ್ನೂ ಕಲಸಿಬಿಡುವುದುಂಟು. ಇಲ್ಲಿ ಹೇಳುತ್ತಿರುವುದು ನೀಗ್ರೋಸ್ ಓರಿಯೆಂಟಲ್ ಪ್ರಾಂತ್ಯದ ದೌಯಿನ್ ಪುರಸಭೆಗೆ ಸೇರಿದ ಆಪೋ ದ್ವೀಪದ ಬಗ್ಗೆ.

ಸ್ಕೂಬಾ ಎಂದರೇನು?

ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಬಾಯಲ್ಲಿ ಕಚ್ಚಿಹಿಡಿದ ರೆಗ್ಯುಲೇಟರ್ ಎಂಬ ಸಾಧನದ ಮೂಲಕ ಉಸಿರಾಡುತ್ತಾ ನೀರಿನಡಿ ಈಜುವುದೇ ಸ್ಕೂಬಾ ಡೈವಿಂಗ್. ಫ್ರಾನ್ಸಿನ ಜಾಕ್ ಕುಸ್ತೊ ಮತ್ತು ಎಮಿಲ್ ಗನ್ಯಾನ್ ಎಂಬವರು 1943ರಲ್ಲಿ ರೂಪಿಸಿದ ಸಾಧನದಿಂದ ಇದು ಜನಸಾಮಾನ್ಯರ ಕೈಗೆಟುಕಿತು. ನಮ್ಮ ಪತ್ರಿಕೆಗಳಲ್ಲಿ ಆಗಾಗ ‘ಆಮ್ಲಜನಕದ ಸಿಲಿಂಡರ್ ಕಟ್ಟಿಕೊಂಡು ಮುಳುಗಿದರು’ ಎಂದು ಅಚ್ಚಾಗುತ್ತದೆ. ಅದು ಸರಿಯಲ್ಲ. ಸಾಮಾನ್ಯ ಡೈವಿಂಗಿನ ಸಿಲಿಂಡರಿನಲ್ಲಿರುವುದು ನಾವು ನೀವು ಉಸಿರಾಡುವ ಮಾಮೂಲಿ ಗಾಳಿಯೇ, ಒತ್ತಿ ತುಂಬಿದ್ದು ಅಷ್ಟೇ. ಶುದ್ಧ ಆಮ್ಲಜನಕವನ್ನು ಆಳದಲ್ಲಿ ಉಸಿರಾಡಿದರೆ ಅದೇ ವಿಷವಾಗಿ ಸೆಳವು ಬರಬಹುದು.

ನೀರಿನಲ್ಲಿ ಪ್ರತಿ 10 ಮೀಟರ್ ಇಳಿದಾಗಲೂ ದೇಹದ ಮೇಲೆ ಒಂದು ವಾತಾವರಣದಷ್ಟು ಒತ್ತಡ ಹೆಚ್ಚುತ್ತದೆ. ಮೇಲೆ ಒಂದು, 10 ಮೀಟರಿನಲ್ಲಿ ಎರಡು, 20 ಮೀಟರಿನಲ್ಲಿ ಮೂರು. ಶ್ವಾಸಕೋಶ ತುಂಬಲು 20 ಮೀಟರ್ ಆಳದಲ್ಲಿ ಮೂರು ಪಟ್ಟು ಗಾಳಿ ಬೇಕು. ಮೇಲ್ಭಾಗದಲ್ಲಿ ಎರಡು ಗಂಟೆ ಬರಬಹುದಾದ ಸಿಲಿಂಡರ್ ಅಲ್ಲಿ ನಲವತ್ತು ನಿಮಿಷಕ್ಕೆ ಮುಗಿಯುತ್ತದೆ. ಆಳದಲ್ಲಿ ಎಳೆದುಕೊಂಡ ಉಸಿರನ್ನು ಬಿಗಿಹಿಡಿದು ಮೇಲೆ ಬಂದರೆ ಆ ಗಾಳಿ ಹಿಗ್ಗಿ ಶ್ವಾಸಕೋಶವನ್ನೇ ಹರಿದುಹಾಕಬಹುದು. ಹಾಗಾಗಿ ಉಸಿರನ್ನು ಎಂದಿಗೂ ಕಟ್ಟಬಾರದೆಂಬುದು ಡೈವಿಂಗಿನ ಮೊದಲ ಪಾಠ. ಇನ್ನೊಂದು ಅಪಾಯ ಸಾರಜನಕದ್ದು. ಒತ್ತಡದಲ್ಲಿ ಅದು ರಕ್ತದಲ್ಲೂ ಮಾಂಸಖಂಡದಲ್ಲೂ ಕರಗಿ ಕುಳಿತಿರುತ್ತದೆ. ಗೋಲಿಸೋಡಾದ ಗೋಲಿಯನ್ನು ಒಮ್ಮೆಗೇ ಒತ್ತಿದಾಗ ಗುಳ್ಳೆ ಉಕ್ಕುವುದನ್ನು ಎಲ್ಲರೂ ನೋಡಿದ್ದೇವೆ. ಅವಸರದಿಂದ ಮೇಲೇರಿದ ಡೈವರ್‌ನ ದೇಹದಲ್ಲೂ ಅದೇ ಆಗುತ್ತದೆ. ಕೀಲುನೋವಿನಿಂದ ಹಿಡಿದು ಪಾರ್ಶ್ವವಾಯುವಿನವರೆಗೆ ಪರಿಣಾಮ ಏನೂ ಆಗಬಹುದು. ಇದನ್ನು ತಪ್ಪಿಸಲು ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಏರಬಾರದು, 5 ಮೀಟರ್ ಆಳದಲ್ಲಿ ಮೂರು ನಿಮಿಷ ನಿಂತು ಬರಬೇಕು, ಹಲವು ಬಾರಿ ಮುಳುಗಿದ ಮೇಲೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಎಂಬ ನಿಯಮಗಳಿವೆ. ಪ್ರಾಥಮಿಕ ತರಬೇತಿ ಪಡೆದವರಿಗೆ 18 ಮೀಟರ್ ಮಿತಿ. ಎಷ್ಟೇ ಅನುಭವವಿದ್ದರೂ ಹವ್ಯಾಸಿಗಳು 40 ಮೀಟರ್ ದಾಟಬಾರದು.

ದ್ವೀಪದ ಸುತ್ತ ಒಂದು ಸುತ್ತು

ಆಪೋದ ಹವಳದ ದಿಬ್ಬ ದಡಕ್ಕೆ ಅಂಟಿಕೊಂಡೇ ಬೆಳೆದದ್ದು. ದಡದಿಂದ ಸ್ವಲ್ಪ ದೂರ ಆಳವಿಲ್ಲದ ಹಾಸು, ಅದರಾಚೆ ಕೆಲವೆಡೆ ಇಳಿಜಾರು, ಕೆಲವೆಡೆ ನೇರ ಗೋಡೆ. ದ್ವೀಪ ಪುಟ್ಟದಾದ್ದರಿಂದ ಒಂದು ತಾಣದಿಂದ ಇನ್ನೊಂದಕ್ಕೆ ದೋಣಿಯಲ್ಲಿ ಕೆಲವೇ ನಿಮಿಷ. ಆದರೂ ಒಂದೊಂದರ ಗುಣ ಒಂದೊಂದು ಬಗೆ.

ಪಶ್ಚಿಮ ಬದಿಯಲ್ಲಿ ‘ಚಾಪೆಲ್’ ಎಂಬ ತಾಣವಿದೆ. ಡೈವಿಂಗ್ ತಾಣಗಳಿಗೆ ಶಾರ್ಕ್, ಡ್ರ್ಯಾಗನ್ ಎಂದೆಲ್ಲ ಭಯಂಕರ ಹೆಸರಿಡುವ ವಾಡಿಕೆಯ ನಡುವೆ ದಡದ ಪ್ರಾರ್ಥನಾಲಯದಿಂದ ಬಂದ ಈ ಹೆಸರು ನಮ್ಮ ಓದುಗರಿಗೆ ಹಿತವೆನಿಸಬಹುದು. ಗೋಡೆಯಂತೆ ಇಳಿಯುವ ಬಂಡೆ, ಅದರಲ್ಲಿ ಮೆದು ಹವಳ, ಸ್ಪಂಜುಗಳು, ಚಿಕ್ಕಪುಟ್ಟ ಪೊಟರೆಗಳು. ಪ್ರವಾಹ ಸಾಮಾನ್ಯವಾಗಿ ಸೌಮ್ಯವಾದ್ದರಿಂದ ಹೊಸಬರಿಗೂ ಹೇಳಿಸಿದ ಜಾಗ. ದಕ್ಷಿಣ ತುದಿಯಲ್ಲಿ ‘ರಾಕ್ ಪಾಯಿಂಟ್’. ಭೂಶಿರದ ಆಚೆ ಈಚೆ ಎಂದು ಇದು ಎರಡು ತಾಣ. ನೀರಿನ ಸೆಳೆತ ಯಾವ ಕಡೆಗಿದೆ ಎಂದು ನೋಡಿ ಯಾವ ಬದಿಯಲ್ಲಿ ಇಳಿಯಬೇಕೆಂದು ದೋಣಿಯವರು ತೀರ್ಮಾನಿಸುತ್ತಾರೆ.

‘ಲಾರ್ಗಹಾನ್’ ಎಂಬಲ್ಲಿ ದ್ವೀಪದ ಹಳೆಯ ಜಾತಕ ಬಯಲಾಗುತ್ತದೆ. ಕಪ್ಪು ಮರಳಿನ ತಳದಿಂದ ಸಣ್ಣ ಸಣ್ಣ ಗುಳ್ಳೆಗಳು ಸಾಲುಸಾಲಾಗಿ ಏಳುತ್ತಲೇ ಇರುತ್ತವೆ. ನೆಲದಡಿಯ ಜ್ವಾಲಾಮುಖಿಯ ಶಾಖದಿಂದ ಹೊರಬರುವ ಅನಿಲವದು. ಸೂರ್ಯನ ಬೆಳಕು ಬಿದ್ದಾಗ ಹರಿದ ಮುತ್ತಿನ ಹಾರಗಳು ಮೇಲ್ಮುಖವಾಗಿ ಸುರಿದಂತೆ ಕಾಣುತ್ತದೆ ಎಂದು ನೋಡಿದವರು ವರ್ಣಿಸುತ್ತಾರೆ.

ಇನ್ನು ಬಿರುಸಿನ ತಾಣಗಳು. ‘ಮಾಮ್ಸಾ ಪಾಯಿಂಟ್’, ‘ಕೋಗೋನ್’, ‘ಕೋಕೊನಟ್ ಪಾಯಿಂಟ್’ ಮೂರೂ ಪ್ರವಾಹಕ್ಕೆ ಹೆಸರಾದವು. ಕೋಗೋನ್ ಎಂದರೆ ಅಲ್ಲಿನ ಗುಡ್ಡಗಳಲ್ಲಿ ಬೆಳೆಯುವ ಒಂದು ಬಗೆಯ ಉದ್ದನೆಯ ಹುಲ್ಲು. ಮಾಮ್ಸಾ ಎಂಬುದು ಬಿಸಾಯ ಭಾಷೆಯಲ್ಲಿ ಟ್ರೆವಾಲಿ ಜಾತಿಯ ಮೀನಿನ ಹೆಸರು. ನಮ್ಮ ಮಂಗಳೂರಿನ ಧಕ್ಕೆಯಲ್ಲಿ ಕೊಕ್ಕರ್ ಎಂದು ಕರೆಯುವುದು ಇದೇ ಕುಟುಂಬದ ಮೀನನ್ನು. ಅಲ್ಲಿ ಅವು ನೂರಾರು ಸಂಖ್ಯೆಯಲ್ಲಿ ಸುಳಿಯಂತೆ ಸುತ್ತುತ್ತಿರುತ್ತವೆ. ಕೋಕೊನಟ್ ಪಾಯಿಂಟಿಗಂತೂ ಡೈವರ್‌ಗಳು ‘ವಾಷಿಂಗ್ ಮೆಷಿನ್’ ಎಂಬ ಅಡ್ಡಹೆಸರಿಟ್ಟಿದ್ದಾರೆ. ಒಳಗೆ ಬಿದ್ದವರನ್ನು ನೀರು ತಿರುಗಿಸಿ ಮಗುಚುತ್ತದೆ ಎಂಬ ಅರ್ಥದಲ್ಲಿ! ಅನುಭವವಿಲ್ಲದವರನ್ನು ಇಲ್ಲಿ ಇಳಿಸುವುದಿಲ್ಲ, ಇಳಿಸಬಾರದು ಕೂಡ.

ಇಷ್ಟು ಅಪಾಯವಿರುವಲ್ಲಿಗೇ ಜನ ಏಕೆ ಹೋಗುತ್ತಾರೆ ಎಂದು ಕೇಳಬಹುದು. ದೊಡ್ಡ ಮೀನು ಇರುವುದು ಅಲ್ಲಿಯೇ. ಕಡಲಿನ ಪ್ರವಾಹ ದ್ವೀಪದ ಮೂಲೆಗೆ ಬಡಿದು ತಿರುಗುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ತೇಲುಜೀವಿಗಳನ್ನು ಹೊತ್ತು ತರುತ್ತದೆ. ಅವುಗಳನ್ನು ತಿನ್ನಲು ಚಿಕ್ಕ ಮೀನು, ಚಿಕ್ಕದನ್ನು ಹಿಡಿಯಲು ಕೊಕ್ಕರ್, ಬರಾಕುಡಾ, ಕೇದಾರ್. ಮೀನುಗಾರರಿಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಎಲ್ಲಿ ನೀರು ಓಡುತ್ತದೋ ಅಲ್ಲಿ ಗಾಳ ಹಾಕಬೇಕೆಂಬುದು ಅವರಿಗೆ ಮೊದಲಿನಿಂದ ಗೊತ್ತು. ಡೈವರ್‌ಗಳು ನೋಡಲು ಬರುವ ಮೂಲೆ, ಮೀನುಗಾರರು ಹಿಡಿಯಲು ಹೋಗುವ ಮೂಲೆ, ಎರಡೂ ಒಂದೇ. ಆಪೋದ ಬಹುತೇಕ ತಕರಾರುಗಳ ಬೇರು ಇಲ್ಲಿದೆ.

ದ್ವೀಪದ ಆಗ್ನೇಯ ಭಾಗದಲ್ಲಿ ಸುಮಾರು 450 ಮೀಟರ್ ಉದ್ದದ ಒಂದು ತುಂಡು ಕಡಲಿದೆ. ಒಟ್ಟು ಹವಳದ ದಿಬ್ಬದ ಹತ್ತರಲ್ಲಿ ಒಂದು ಭಾಗ ಇರಬಹುದು. ಅದೇ ಅಭಯಧಾಮ. ಅಲ್ಲಿ ಬಲೆ ಇಲ್ಲ, ಗಾಳ ಇಲ್ಲ, ಬುಟ್ಟಿ ಇಲ್ಲ. ಒಂದು ಕಾಲದಲ್ಲಿ ಹವಳದ ತೋಟಕ್ಕೂ, ಸಮುದ್ರ ಅನಿಮೋನಿಗಳ ನಡುವೆ ಆಡುವ ಕ್ಲೌನ್ ಮೀನುಗಳಿಗೂ ಇದು ಆಪೋದ ಅತ್ಯಂತ ಹೆಸರಾದ ತಾಣವಾಗಿತ್ತು.

ಹದಿನಾಲ್ಕು ಕುಟುಂಬಗಳು

1970ರ ದಶಕದಲ್ಲಿ ಆಪೋದ ಕಡಲು ಹೀಗಿರಲಿಲ್ಲ. ಎರಡನೆಯ ಮಹಾಯುದ್ಧದ ನಂತರ ಫಿಲಿಪೀನ್ಸಿನ ಕರಾವಳಿಯಲ್ಲಿ ಸಿಡಿಮದ್ದು ಹಾಕಿ ಮೀನು ಹಿಡಿಯುವುದು ವ್ಯಾಪಕವಾಯಿತು. ನಮ್ಮ ಹೊಳೆಗಳಲ್ಲಿ ತೋಟೆ ಹಾಕುವುದನ್ನು ಕಂಡವರಿಗೆ ಇದರ ಪರಿಣಾಮ ವಿವರಿಸಬೇಕಾಗಿಲ್ಲ. ಬೇಕಾದ ಹತ್ತು ಮೀನಿನ ಜೊತೆ ಬೇಡದ ಸಾವಿರ ಮರಿಗಳು ಸಾಯುತ್ತವೆ. ಹವಳದ ದಿಬ್ಬದಲ್ಲಿ ಹಾನಿ ಇನ್ನೂ ಹೆಚ್ಚು, ಏಕೆಂದರೆ ಮನೆಯೇ ಪುಡಿಯಾಗುತ್ತದೆ. ಇದರ ಜೊತೆಗೆ ಸಯನೈಡ್ ವಿಷ. ಮತ್ತೆ ‘ಮುರೋ-ಆಮಿ’ ಎಂಬ ಪದ್ಧತಿ. ಹಗ್ಗಕ್ಕೆ ಕಲ್ಲು ಕಟ್ಟಿ ಹವಳವನ್ನು ಕುಟ್ಟುತ್ತಾ ಮೀನನ್ನು ಬೆದರಿಸಿ ಬಲೆಗೆ ಅಟ್ಟುವುದು. ಹಿಡುವಳಿ ಕುಸಿಯಿತು. ಆಪೋದ ಮೀನುಗಾರರು ಹತ್ತಿರದಲ್ಲಿ ಮೀನು ಸಿಗದೆ ದೂರದ ನೀರಿಗೆ ಹೋಗಬೇಕಾಯಿತು. ಚಿಕ್ಕ ದೋಣಿಗಳಲ್ಲಿ ದೂರ ಹೋಗುವುದೆಂದರೆ ಏನೆಂದು ನಮ್ಮ ನಾಡದೋಣಿಯವರನ್ನು ಕೇಳಿದರೆ ತಿಳಿಯುತ್ತದೆ.

ಈ ಸಮಯದಲ್ಲಿ ದ್ವೀಪಕ್ಕೆ ಬಂದವರು ಸಾಗರ ಜೀವವಿಜ್ಞಾನಿ ಡಾ. ಏಂಜೆಲ್ ಆಲ್ಕಾಲಾ. ನೀಗ್ರೋಸಿನ ದುಮಗೆಟೆ ನಗರದಲ್ಲಿರುವ ಸಿಲಿಮನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. 1901ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನರಿಗಳು ಸ್ಥಾಪಿಸಿದ ಸಂಸ್ಥೆ ಅದು. ಆಲ್ಕಾಲಾ ಅವರು ಅದಾಗಲೇ 1974ರಲ್ಲಿ ಸೆಬು ಬಳಿಯ ಸುಮಿಲೋನ್ ದ್ವೀಪದಲ್ಲಿ ಹವಳದ ದಿಬ್ಬದ ಒಂದು ಭಾಗವನ್ನು ಮೀನುಗಾರಿಕೆಗೆ ಮುಚ್ಚಿಸಿ ಅಧ್ಯಯನ ನಡೆಸಿದ್ದರು. ಕೆಲವೇ ವರ್ಷಗಳಲ್ಲಿ ಆ ಭಾಗದಲ್ಲಿ ಮೀನು ತುಂಬಿತು. ಅಷ್ಟೇ ಅಲ್ಲದೆ ಅದರ ಹೊರಗೆ ಹಿಡಿಯುವವರ ಪಾಲೂ ಹೆಚ್ಚಿತು.

1979ರಿಂದ ಆಲ್ಕಾಲಾ ಮತ್ತು ಅವರ ಸಂಗಡಿಗರು ಆಪೋದವರೊಂದಿಗೆ ಮಾತುಕತೆ ಆರಂಭಿಸಿದರು. ಅದು ಮೂರು ವರ್ಷ ನಡೆಯಿತು. ಈ ಮೂರು ವರ್ಷವನ್ನು ಹಾರಿಸಿ ಓದಬಾರದು ಎಂದು ನನ್ನ ಅನಿಸಿಕೆ. ಯೋಜನೆಯ ಕಾಗದ ಹಿಡಿದು ಬಂದು ಒಂದು ಸಭೆ ಮಾಡಿ, ಸಹಿ ಪಡೆದು, ಫೋಟೊ ತೆಗೆದು ಹೋಗುವ ಕಾರ್ಯಕ್ರಮಗಳನ್ನು ನಮ್ಮ ಸಮಾಜಸೇವಾ ಕ್ಷೇತ್ರದಲ್ಲಿರುವವರು ಬೇಕಾದಷ್ಟು ಕಂಡಿದ್ದಾರೆ. ಆಪೋದಲ್ಲಿ ಹಾಗಾಗಲಿಲ್ಲ. ಮೀನುಗಾರರ ಪ್ರಶ್ನೆ ಸರಳವಾಗಿತ್ತು. ಇರುವ ಕಡಲಿನಲ್ಲೇ ಮೀನಿಲ್ಲ, ಅದರಲ್ಲಿ ಒಂದು ಭಾಗವನ್ನು ಬಿಟ್ಟುಕೊಟ್ಟರೆ ಮಕ್ಕಳಿಗೆ ಏನು ತಿನ್ನಿಸುವುದು? ಇದಕ್ಕೆ ಉಪನ್ಯಾಸದಿಂದ ಉತ್ತರ ಕೊಡಲಾಗದು. ಆಪೋದ ಕೆಲವರನ್ನು ಸುಮಿಲೋನಿಗೆ ಕರೆದೊಯ್ದು ಅಲ್ಲಿನ ನೀರನ್ನು ತೋರಿಸಲಾಯಿತು.

ಕೊನೆಗೆ 1982ರಲ್ಲಿ ಹದಿನಾಲ್ಕು ಕುಟುಂಬಗಳು ಒಪ್ಪಿದವು. ಇಡೀ ಊರಲ್ಲ, ಹದಿನಾಲ್ಕೇ. ಆಗ್ನೇಯ ಭಾಗದಲ್ಲಿ ಗುರುತು ಹಾಕಿ, ಇಲ್ಲಿ ಹಿಡಿಯುವುದಿಲ್ಲ ಎಂದು ನಿಶ್ಚಯಿಸಿದರು. ಕಾವಲಿಗೆ ದೊಡ್ಡ ವ್ಯವಸ್ಥೆಯೇನೂ ಬೇಕಾಗಲಿಲ್ಲ. ದಡದಲ್ಲಿ ಒಬ್ಬ ಕುಳಿತರೆ ಇಡೀ ಅಭಯಧಾಮ ಕಣ್ಣಳತೆಯಲ್ಲಿ ಬರುತ್ತದೆ. ಮೂರು ವರ್ಷದೊಳಗೆ ಒಳಗಿನ ಮೀನನ್ನು ಕಣ್ಣಾರೆ ಕಂಡ ಉಳಿದ ಕುಟುಂಬಗಳೂ ಬೆಂಬಲಕ್ಕೆ ಬಂದವು. 1984ರಿಂದ 1986ರವರೆಗೆ ಸಿಲಿಮನ್ ವಿಶ್ವವಿದ್ಯಾಲಯದ ಸಮುದಾಯ ಸಂಘಟಕರು ದ್ವೀಪದವರೊಡನೆ ಇದ್ದು ಕೆಲಸ ಮಾಡಿದರು. ಊರಿನವರದೇ ಸಮಿತಿ ರಚನೆಯಾಯಿತು, ದೌಯಿನ್ ಪುರಸಭೆಯ ಅಧಿಕೃತ ಮನ್ನಣೆಯೂ ದೊರೆಯಿತು. ಅಭಯಧಾಮದ ಹೊರಗೂ ಸಿಡಿಮದ್ದು, ವಿಷ, ಮುರೋ-ಆಮಿ, ಹೊರಗಿನವರ ಮೀನುಗಾರಿಕೆ ಎಲ್ಲವನ್ನೂ ನಿಷೇಧಿಸಲಾಯಿತು. ಗಾಳ, ಬಿದಿರಿನ ಬುಟ್ಟಿ, ಸಾಧಾರಣ ಬಲೆಗಳಿಗೆ ಅಡ್ಡಿಯಿಲ್ಲ.

ಬಿಟ್ಟದ್ದು ಹೇಗೆ ಮರಳಿ ಬಂತು?

ಮಳೆಗಾಲದಲ್ಲಿ ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದು ಎಲ್ಲರಿಗೂ ತಿಳಿದಿದೆ. ಅದು ಕಾಲಕ್ಕೆ ಹಾಕಿದ ಬೇಲಿ. ಆಪೋದಲ್ಲಿ ಹಾಕಿದ್ದು ಜಾಗಕ್ಕೆ ಬೇಲಿ, ವರ್ಷವಿಡೀ. ಎರಡರ ಉದ್ದೇಶವೂ ಮೀನಿಗೆ ಉಸಿರಾಡಲು ಬಿಡುವುದೇ ಆದರೂ ಕೆಲಸ ಮಾಡುವ ರೀತಿ ಬೇರೆ. ಹವಳದ ದಿಬ್ಬದ ಮೀನುಗಳಲ್ಲಿ ಹಲವು ಜೀವನಪೂರ್ತಿ ಒಂದೇ ಬಂಡೆಯ ಸುತ್ತಮುತ್ತ ಇರುವಂಥವು. ನಮ್ಮಲ್ಲಿ ಮುರು ಎಂದು ಕರೆಯುವ ಜಾತಿ ಇದಕ್ಕೆ ಒಳ್ಳೆಯ ಉದಾಹರಣೆ. ಇವು ನಿಧಾನವಾಗಿ ಬೆಳೆಯುತ್ತವೆ, ದೀರ್ಘಕಾಲ ಬದುಕುತ್ತವೆ. ಎರಡು ತಿಂಗಳ ರಜೆ ಇವಕ್ಕೆ ಸಾಲದು. ವರ್ಷಗಟ್ಟಲೆ ಬಿಟ್ಟರೆ ಮೀನು ದೊಡ್ಡದಾಗುತ್ತದೆ. ದೊಡ್ಡ ಹೆಣ್ಣುಮೀನು ಚಿಕ್ಕದಕ್ಕಿಂತ ಹಲವು ಪಟ್ಟು ಹೆಚ್ಚು ಮೊಟ್ಟೆಯಿಡುತ್ತದೆ. ಮೊಟ್ಟೆ, ಮರಿಗಳು ನೀರಿನೊಡನೆ ತೇಲಿ ಗಡಿ ದಾಟುತ್ತವೆ. ಒಳಗೆ ಇಕ್ಕಟ್ಟಾದಾಗ ಬೆಳೆದ ಮೀನುಗಳೂ ಹೊರಗೆ ಬರುತ್ತವೆ.

ಆಲ್ಕಾಲಾ ಮತ್ತು ಆಸ್ಟ್ರೇಲಿಯದ ವಿಜ್ಞಾನಿ ಗ್ಯಾರಿ ರಸ್ ಅವರು ದಶಕಗಳ ಕಾಲ ಇಲ್ಲಿ ನೀರಿನಡಿ ಈಜುತ್ತಾ ಮೀನುಗಳನ್ನು ಎಣಿಸಿದ್ದಾರೆ. ಅಭಯಧಾಮದ ಗಡಿಯಿಂದ 200–300 ಮೀಟರ್ ಒಳಗಿನ ನೀರಿನಲ್ಲಿ ದೊಡ್ಡ ಮೀನುಗಳು ಹೆಚ್ಚಿದ್ದು ಸ್ಪಷ್ಟವಾಗಿ ಕಂಡದ್ದು 9ರಿಂದ 11 ವರ್ಷಗಳ ನಂತರ. ಸರ್ಜನ್ ಮೀನು ಮತ್ತು ಟ್ರೆವಾಲಿ ಈ ಎರಡು ಕುಟುಂಬಗಳೇ ಆಪೋದ ಹಿಡುವಳಿಯ ದೊಡ್ಡ ಪಾಲು. 1983ರಿಂದ 2001ರ ಅವಧಿಯಲ್ಲಿ ಇವುಗಳ ಒಟ್ಟು ತೂಕ ಅಭಯಧಾಮದೊಳಗೆ ಮೂರು ಪಟ್ಟಾಯಿತು. ಹೊರಗೆ ಗಾಳ ಹಾಕುವವನಿಗೆ ಅಷ್ಟೇ ಹೊತ್ತಿನ ದುಡಿಮೆಗೆ ಸಿಗುವ ಮೀನು ಮೊದಲಿಗಿಂತ ಸುಮಾರು ಅರ್ಧದಷ್ಟು ಹೆಚ್ಚಿತು. ಕಡಲಿನಲ್ಲಿ ಕಳೆಯುವ ಸಮಯ ಕಡಿಮೆಯಾಯಿತು.

ಸುಮಿಲೋನಿನಲ್ಲಿ ಇದಕ್ಕೆ ವ್ಯತಿರಿಕ್ತವಾದದ್ದು ನಡೆಯಿತು. ಅಲ್ಲಿನ ಸ್ಥಳೀಯ ರಾಜಕೀಯ ಬದಲಾಗಿ 1984ರಲ್ಲಿ ಕಾವಲು ಕಳಚಿತು. ಮುಚ್ಚಿದ ಭಾಗಕ್ಕೆ ಎಲ್ಲರೂ ನುಗ್ಗಿದರು. ಹಿಡಿಯುವ ಜಾಗ ಹೆಚ್ಚಾದದ್ದರಿಂದ ಮೀನು ಹೆಚ್ಚು ಸಿಗಬೇಕಿತ್ತಲ್ಲವೇ? ಎರಡೇ ವರ್ಷಗಳಲ್ಲಿ ದ್ವೀಪದ ಒಟ್ಟು ಹಿಡುವಳಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸುಮಿಲೋನಿನಲ್ಲಿ ಅಭಯಧಾಮ ಮೇಲಿನಿಂದ ಬಂದದ್ದು, ಆಪೋದಲ್ಲಿ ಊರಿನವರು ತಾವೇ ಒಪ್ಪಿ ಮಾಡಿದ್ದು ಎಂಬ ವ್ಯತ್ಯಾಸವನ್ನು ಆಲ್ಕಾಲಾ ಅವರೂ ಅನಂತರ ಗುರುತಿಸಿದ್ದಾರೆ. ಇಂದು ಫಿಲಿಪೀನ್ಸಿನಲ್ಲಿ ಇಂತಹ ಸಮುದ್ರ ಅಭಯಧಾಮಗಳು ಸಾವಿರಕ್ಕೂ ಹೆಚ್ಚಿವೆ. ಎಲ್ಲವೂ ಸರಿಯಾಗಿ ನಡೆಯುತ್ತಿವೆ ಎನ್ನಲಾಗದು. ಕಾಗದದ ಮೇಲಷ್ಟೇ ಇರುವಂಥವೂ ಅನೇಕ.

ಆಲ್ಕಾಲಾ ಅವರಿಗೆ 1992ರಲ್ಲಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು. ಅದೇ ವರ್ಷ ಅವರು ದೇಶದ ಪರಿಸರ ಖಾತೆಯ ಕಾರ್ಯದರ್ಶಿಯಾದರು. 2014ರಲ್ಲಿ ‘ರಾಷ್ಟ್ರೀಯ ವಿಜ್ಞಾನಿ’ ಗೌರವ ಪಡೆದರು. 2023ರ ಫೆಬ್ರವರಿ 1ರಂದು 93ರ ವಯಸ್ಸಿನಲ್ಲಿ ನಿಧನರಾದರು.

ಇದೇ ಕಾಲಕ್ಕೆ ಸೇರಿದ ಇನ್ನೊಂದು ಸಂಗತಿ ನಮ್ಮ ಓದುಗರಿಗೆ ಆಸಕ್ತಿಯದು. ಫಿಲಿಪೀನ್ಸಿನ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 1988ರ ಜನವರಿಯಲ್ಲಿ ಆ ದೇಶದ ಕಾಡು, ನದಿ, ಕಡಲುಗಳ ದುಸ್ಥಿತಿಯ ಬಗ್ಗೆ ಒಂದು ಪಾಲನಾ ಪತ್ರ ಹೊರಡಿಸಿತು. ಹವಳದ ದಿಬ್ಬಗಳ ನಾಶವನ್ನು ಅದರಲ್ಲಿ ಬಹಳ ನೋವಿನಿಂದ ಪ್ರಸ್ತಾಪಿಸಲಾಗಿತ್ತು. ಇಪ್ಪತ್ತೇಳು ವರ್ಷಗಳ ನಂತರ, 2015ರಲ್ಲಿ, ಪೋಪ್ ಫ್ರಾನ್ಸಿಸ್ ಅವರು ‘ಲಾವುದಾತೋ ಸಿ’ ವಿಶ್ವಪತ್ರದಲ್ಲಿ ಹವಳದ ದಿಬ್ಬಗಳ ಬಗ್ಗೆ ಬರೆಯುವಾಗ ಇದೇ ಪತ್ರದ ಮಾತನ್ನು ಉದ್ಧರಿಸಿದರು. ಬೇಕಾದವರು 41ನೆಯ ಪ್ಯಾರಾ ನೋಡಬಹುದು.

ಡೈವರ್‌ಗಳ ಹಣ

ಮೀನು ಹೆಚ್ಚಿದ ಸುದ್ದಿ ಹರಡಿದಂತೆ ಡೈವರ್‌ಗಳು ಬಂದರು. ಯಾರೂ ಅವರನ್ನು ಉದ್ದೇಶಿಸಿ ಅಭಯಧಾಮ ಮಾಡಿರಲಿಲ್ಲ, ಅದು ಬೆಳೆದ ಮೇಲೆ ಬಂದ ಅತಿಥಿಗಳು ಅವರು. ದ್ವೀಪಕ್ಕೆ ಪ್ರವೇಶ ಶುಲ್ಕ, ಡೈವಿಂಗಿಗೆ ಶುಲ್ಕ, ಅಭಯಧಾಮದೊಳಗೆ ಮುಳುಗಲು ಬೇರೆ ಶುಲ್ಕ ಎಂದು ವಿಧಿಸಲಾಯಿತು. ತಂಗುಮನೆಗಳು ಎದ್ದವು. ಹೆಂಗಸರು ಬಟ್ಟೆ, ಅಂಗಿಗಳನ್ನು ಪ್ರವಾಸಿಗರಿಗೆ ಮಾರತೊಡಗಿದರು, ಹುಡುಗರು ಡೈವಿಂಗ್ ಕಲಿತು ಮಾರ್ಗದರ್ಶಿಗಳಾದರು. ಕುಡಿಯುವ ನೀರನ್ನೂ ದೋಣಿಯಲ್ಲಿ ತರಬೇಕಾದ ಊರಿಗೆ ಈ ಆದಾಯ ಸಣ್ಣದೇನಲ್ಲ.

ಆದರೆ 1994ರಲ್ಲಿ ರಾಷ್ಟ್ರಾಧ್ಯಕ್ಷರ ಘೋಷಣೆಯ ಮೂಲಕ ಆಪೋ ರಾಷ್ಟ್ರಮಟ್ಟದ ಸಂರಕ್ಷಿತ ಪ್ರದೇಶವಾಯಿತು. ಗೌರವ ಬಂತು, ಅದರ ಬೆನ್ನಿಗೇ ಆಡಳಿತ ಮಂಡಳಿಯೂ ಬಂತು. ಊರಿನ ಸಮಿತಿಯ ಕೈಯಲ್ಲಿದ್ದ ಅಧಿಕಾರ ಸರಕಾರಿ ಅಧಿಕಾರಿಗಳೂ ಇರುವ ಮಂಡಳಿಗೆ ಹೋಯಿತು. ಶುಲ್ಕದ ಹಣ ಸರಕಾರದ ನಿಧಿಗೆ ಸೇರಿ, ಅದರಲ್ಲಿ 75 ಶೇಕಡಾ ಮರಳಿ ದ್ವೀಪದ ಕೆಲಸಕ್ಕೆ ಬರಬೇಕು, 25 ಶೇಕಡಾ ದೇಶದ ಇತರ ಸಂರಕ್ಷಿತ ಪ್ರದೇಶಗಳಿಗೆ ಎಂಬುದು ಆಗಿನ ನಿಯಮವಾಗಿತ್ತು. ಲೆಕ್ಕದಲ್ಲಿ ಇದು ನ್ಯಾಯವೇ. ಆದರೆ ಹಣ ಮರಳುವುದು ತಡವಾಗುತ್ತದೆ, ನಮ್ಮದನ್ನು ನಾವೇ ಕೇಳಿ ಪಡೆಯಬೇಕಾಗಿದೆ ಎಂಬ ಅಸಮಾಧಾನ ದ್ವೀಪದವರಲ್ಲಿ ಬೆಳೆಯಿತು. ಹದಿನಾಲ್ಕು ಕುಟುಂಬಗಳು ಯಾರ ಅಪ್ಪಣೆಯನ್ನೂ ಕಾಯದೆ ಆರಂಭಿಸಿದ ಕೆಲಸಕ್ಕೆ ಇದು ಒಳ್ಳೆಯ ಪ್ರತಿಫಲವೆಂದು ಹೇಳಲು ನನ್ನಿಂದಾಗದು.

ಡೈವರ್‌ಗಳಿಂದಲೂ ಹಾನಿಯಿದೆ. ಹವಳ ನೋಡಲು ಕಲ್ಲಿನಂತಿದ್ದರೂ ಅದು ಜೀವಿ. ಕಾಲಿನ ರೆಕ್ಕೆಯ ಒಂದು ಒದೆತಕ್ಕೆ ಹಲವು ವರ್ಷಗಳ ಬೆಳವಣಿಗೆ ಮುರಿದುಬೀಳುತ್ತದೆ. ಎಬ್ಬಿಸಿದ ಮರಳು ಅದರ ಮೇಲೆ ಕುಳಿತರೂ ಅದಕ್ಕೆ ಉಸಿರುಕಟ್ಟಿದಂತೆಯೇ. ನೀರಿನಲ್ಲಿ ಮುಳುಗದೆ ತೇಲದೆ ಮಟ್ಟಸವಾಗಿ ನಿಲ್ಲುವುದನ್ನು ಚೆನ್ನಾಗಿ ಕಲಿಯದವರು ಹವಳದ ಹತ್ತಿರ ಹೋಗಬಾರದೆನ್ನುವುದು ಇದಕ್ಕಾಗಿ. ಹಲವು ಡೈವಿಂಗ್ ತಾಣಗಳಲ್ಲಿ ಕೈಗವಸು ನಿಷೇಧಿಸುತ್ತಾರೆ. ಬರಿಗೈಯಾದರೆ ಮುಟ್ಟಲು ಮನುಷ್ಯ ಹೆದರುತ್ತಾನೆ ಎಂಬ ಲೆಕ್ಕಾಚಾರ! ಆಪೋದ ದಡದ ಬಳಿ ಎದೆಮಟ್ಟದ ನೀರಿನಲ್ಲೇ ಹಸಿರು ಕಡಲಾಮೆಗಳು ಮೇಯುತ್ತಿರುತ್ತವೆ. ಅವುಗಳನ್ನು ಮುಟ್ಟುವಂತಿಲ್ಲ, ಬೆನ್ನಟ್ಟುವಂತಿಲ್ಲ. ಉಸಿರಿಗಾಗಿ ಮೇಲೆ ಬರುವ ಆಮೆಯ ದಾರಿಗೆ ಜನ ಅಡ್ಡ ನಿಂತರೆ ಅದರ ಜೀವಕ್ಕೇ ಸಂಕಟ.

ಎರಡು ಡಿಸೆಂಬರ್‌ಗಳು

ಫಿಲಿಪೀನ್ಸ್ ಚಂಡಮಾರುತಗಳ ದೇಶವಾದರೂ ನೀಗ್ರೋಸಿನ ಈ ಮೂಲೆಗೆ ಅವು ಬರುವುದು ಕಡಿಮೆ. 2011ರ ಡಿಸೆಂಬರಿನಲ್ಲಿ ‘ಸೆಂಡಾಂಗ್’ ಎಂಬ ಚಂಡಮಾರುತ ಎಂದಿಗಿಂತ ದಕ್ಷಿಣದ ದಾರಿ ಹಿಡಿದು ಮಿಂಡನಾವೊ ಮತ್ತು ನೀಗ್ರೋಸ್ ಮೇಲೆ ಹಾದುಹೋಯಿತು. ಮಿಂಡನಾವೊದಲ್ಲಿ ಸಾವಿರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಸುಮಾರು ಒಂದು ವರ್ಷಕ್ಕೆ, 2012ರ ಡಿಸೆಂಬರಿನಲ್ಲಿ ‘ಪಾಬ್ಲೊ’ ಬಂತು. ಎರಡೂ ಬಾರಿ ಅಲೆಗಳು ಬಡಿದದ್ದು ಆಪೋದ ಪೂರ್ವ ಬದಿಗೆ, ಅಂದರೆ ಅಭಯಧಾಮವಿರುವ ಬದಿಗೆ. ಮೂವತ್ತು ವರ್ಷ ಕಾದ ಹವಳದ ತೋಟ ಚೂರಾಗಿ ದಡಕ್ಕೆ ರಾಶಿ ಬಿತ್ತು. ಅಲ್ಲಿ ಉಳಿದದ್ದು ಬಹುಪಾಲು ಹವಳದ ಪುಡಿಗಲ್ಲು ಮಾತ್ರ. ಹವಳ ಹೋದ ಮೇಲೆ ಅದನ್ನು ನಂಬಿದ್ದ ಮೀನುಗಳೂ ಕಡಿಮೆಯಾದವು. ಅಭಯಧಾಮವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. 2021ರ ಡಿಸೆಂಬರಿನಲ್ಲಿ ‘ಒಡೆಟ್’ ಚಂಡಮಾರುತವೂ ಈ ಭಾಗಕ್ಕೆ ಬಡಿಯಿತು.

ಬಲೆಯನ್ನು ತಡೆಯಬಹುದು, ಅಲೆಯನ್ನು ತಡೆಯಲಾಗದು. ಬಿಸಿಯೇರುತ್ತಿರುವ ಕಡಲಿನಲ್ಲಿ ಹವಳ ಬಿಳಿಚಿಕೊಂಡು ಸಾಯುವುದನ್ನೂ ಊರಿನ ಕಾವಲುಗಾರ ತಡೆಯಲಾರ. ಹಾಗಾದರೆ ಅಭಯಧಾಮದಿಂದ ಏನಾಯಿತು ಎಂದು ಕೇಳುವವರಿದ್ದಾರೆ. ಪೆಟ್ಟು ಬಿದ್ದ ಹವಳದ ದಿಬ್ಬ ಮತ್ತೆ ಚಿಗುರಬೇಕಾದರೆ ಹೊಸ ಹವಳದ ಮರಿಗಳು ಎಲ್ಲಿಂದಾದರೂ ತೇಲಿ ಬರಬೇಕು. ಕಲ್ಲಿನ ಮೇಲಿನ ಪಾಚಿಯನ್ನು ಮೇಯುವ ಮೀನುಗಳು ಇದ್ದರೆ ಮಾತ್ರ ಆ ಮರಿಗಳು ಅಂಟಿಕೊಳ್ಳಲು ಜಾಗ ಸಿಗುತ್ತದೆ. ಆಪೋದಲ್ಲಿ ಇವೆರಡೂ ಉಳಿದಿದ್ದವು. ಗಾಳಿಯ ಮರೆಯಲ್ಲಿದ್ದ ಪಶ್ಚಿಮದ ಹವಳಕ್ಕೆ ಅಷ್ಟು ಪೆಟ್ಟಾಗಿರಲಿಲ್ಲ. ಅಭಯಧಾಮದ ಹೊರಗೂ ಸಿಡಿಮದ್ದು, ವಿಷಗಳನ್ನು ಮೂವತ್ತು ವರ್ಷ ದೂರವಿಟ್ಟಿದ್ದರಿಂದ ಆ ಭಾಗವನ್ನು ನೆಚ್ಚಿಕೊಳ್ಳಲು ಸಾಧ್ಯವಾಯಿತು. ಹವಳದ ಬೆಳವಣಿಗೆಯಾದರೋ ವರ್ಷಗಳ ಲೆಕ್ಕದ್ದಲ್ಲ, ದಶಕಗಳದ್ದು.

ಹೋಗುವವರಿಗೆ

ಡೈವಿಂಗ್ ಕಲಿಯದವರು ನೇರವಾಗಿ ಆಪೋಗೆ ಹೋಗುವುದಕ್ಕಿಂತ ಮೊದಲು ಹತ್ತಿರದಲ್ಲಿ ತರಬೇತಿ ಪಡೆಯುವುದು ಲೇಸು. ನಮ್ಮದೇ ಮುರುಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಕರೆದೊಯ್ದು ಮಳೆಗಾಲ ಕಳೆದ ತಿಂಗಳುಗಳಲ್ಲಿ ಡೈವಿಂಗ್ ಮಾಡಿಸುತ್ತಾರೆ. ಅಸ್ತಮಾ, ಹೃದಯದ ಕಾಯಿಲೆ, ಕಿವಿಯ ತೊಂದರೆ ಇರುವವರು ವೈದ್ಯರ ಸಲಹೆಯಿಲ್ಲದೆ ಇಳಿಯಬಾರದು. ಶೀತವಾಗಿ ಮೂಗು ಕಟ್ಟಿದ ದಿನ ಯಾರೂ ಇಳಿಯಬಾರದು, ಕಿವಿಯ ಒತ್ತಡ ಸರಿದೂಗದೆ ತಮಟೆ ಹರಿಯಬಹುದು.

ಆಪೋಗೆ ಹತ್ತಿರದ ವಿಮಾನ ನಿಲ್ದಾಣ ದುಮಗೆಟೆ. ಅಲ್ಲಿಂದ ರಸ್ತೆಯಲ್ಲಿ ದಕ್ಷಿಣಕ್ಕೆ ಹೊರಟರೆ ದೌಯಿನ್ ದಾಟಿ ಮಲಟಪೈ ಎಂಬ ಊರು. ದ್ವೀಪಕ್ಕೆ ದೋಣಿ ಹೊರಡುವುದು ಇಲ್ಲಿಂದ. ಎರಡೂ ಬದಿಗೆ ಬಿದಿರಿನ ತೋಳು ಕಟ್ಟಿದ ‘ಬಾಂಕಾ’ ದೋಣಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯಲ್ಲಿ ದಡ ಮುಟ್ಟಿಸುತ್ತದೆ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಕಡಲು ಒರಟು, ದೋಣಿಯವರು ಇಂದು ಬೇಡವೆಂದರೆ ಒತ್ತಾಯಿಸಬಾರದು. ಮಲಟಪೈಯಲ್ಲಿ ಬುಧವಾರ ಸಂತೆ. ಹಂದಿ, ಕೋಣ, ಆಡು, ಹಗ್ಗ, ಒಣಮೀನು ಎಲ್ಲವೂ ಕಡಲ ದಂಡೆಯಲ್ಲೇ ಮಾರಾಟವಾಗುತ್ತದೆ. ಆಪೋದವರೂ ಅಂದು ಮೀನು ತಂದು ಮಾರಿ, ವಾರಕ್ಕೆ ಬೇಕಾದ ಅಕ್ಕಿ ಸಾಮಾನು ಕೊಂಡು ದೋಣಿಗೆ ಹಾಕಿಕೊಂಡು ಹೊರಡುತ್ತಾರೆ.